ಹಳೇ ಪ್ರೋಗ್ರಾಂ ಮುರಿಯದಂತೆ ಕರ್ನಲ್ ನೆಟ್‌ವರ್ಕ್ ಇಂಟರ್ಫೇಸ್ ಬೆಳೆಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಾನೊಂದು ಪ್ಯಾಚ್ ಬರೆದೆ. ಲಿನಕ್ಸ್‌ನಲ್ಲಿ ಒಂದೊಂದು ಟಿಸಿಪಿ ಸಂಪರ್ಕದ ಸ್ಥಿತಿಗತಿ ತಿಳಿಸುವ ಟಿಸಿಪಿ ಇನ್ಫೋ ಎಂಬ ಸ್ಟ್ರಕ್ಟ್ ಇದೆಯಲ್ಲ, ಅದಕ್ಕೆ ನಮ್ಮ ತಂಡಕ್ಕೆ ಬೇಕಿದ್ದ 4 ಬೈಟಿನ ಒಂದು ಲೆಕ್ಕ ಸೇರಿಸಬೇಕಿತ್ತು. ಪಾತ್ ಎಂಟಿಯು (ದಾರಿಯಲ್ಲಿ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎನ್ನುವ ಮಿತಿ) ಫೀಲ್ಡಿನ ಪಕ್ಕದಲ್ಲಿದ್ದರೆ ಓದೋಕೆ ಚೆಂದ ಅನ್ನಿಸಿ ಅಲ್ಲೇ ತುರುಕಿದೆ. ಕಂಪೈಲ್ ಆಯಿತು. ಹೊಸದಾಗಿ ಬಿಲ್ಡ್ ಮಾಡಿದ, ಸಂಪರ್ಕಗಳ ವಿವರ ತೋರಿಸುವ ಎಸ್‌ಎಸ್ ಕಮಾಂಡ್ ಎಲ್ಲವನ್ನೂ ಸರಿಯಾಗೇ ತೋರಿಸಿತು. ಮರುದಿನ ಬೆಳಿಗ್ಗೆ ಮಾನಿಟರಿಂಗ್ ಗ್ರಾಫ್ ನೋಡಿದರೆ, ಒಂದೇ ರ‍್ಯಾಕಿನಲ್ಲಿ ಅಕ್ಕಪಕ್ಕ ಕೂತ ಸರ್ವರುಗಳ ನಡುವೆ ಆರ್‌ಟಿಟಿ (ಪ್ಯಾಕೆಟ್ ಹೋಗಿ ಉತ್ತರ ಮರಳುವ ಸಮಯ) 64 ಮಿಲಿಸೆಕೆಂಡ್! ಬಹುತೇಕ ಎಲ್ಲ ಸಂಪರ್ಕಕ್ಕೂ ಅದೇ 64.

ಸ್ವಿಚ್ ಕೆಟ್ಟಿದೆ ಅಂತ ಅರ್ಧ ದಿನ ಅದರ ಬೆನ್ನು ಹತ್ತಿದೆವು. ಆಮೇಲೆ ಹೊಳೆಯಿತು. ಮಾನಿಟರಿಂಗ್ ಏಜೆಂಟ್ ಎರಡು ವರ್ಷದ ಹಿಂದೆ ಕಂಪೈಲ್ ಆದದ್ದು. ಅದರ ಪಾಲಿಗೆ ಆರ್‌ಟಿಟಿ ಇರುವುದು ಸ್ಟ್ರಕ್ಟಿನ ಮೊದಲಿಂದ 68 ಬೈಟ್ ಆಚೆ. ನಾನು ನಡುವೆ 4 ಬೈಟ್ ತುರುಕಿದ್ದರಿಂದ ಆ ಜಾಗಕ್ಕೆ ಆರ್‌ಟಿಟಿಗಿಂತ ಮುಂಚೆ ಇದ್ದ ಫೀಲ್ಡ್ ಜರುಗಿತ್ತು: ಸ್ವೀಕರಿಸುವ ವಿಂಡೋದ ಮಿತಿ, 64088 ಬೈಟ್. ಏಜೆಂಟ್ ಅದನ್ನು ಮೈಕ್ರೋಸೆಕೆಂಡ್ ಅಂತ ಓದಿ 64 ಮಿಲಿಸೆಕೆಂಡ್ ಅಂದಿತ್ತು. ಎಲ್ಲೂ ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಸುಳ್ಳು ಅಂಕಿ ಮಾತ್ರ.

ಈ ಪೆಟ್ಟು ತಿಂದ ಮೇಲೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಲಿನಕ್ಸ್‌ನವು. ಸಿ ಭಾಷೆ ಮತ್ತು ಸಾಕೆಟ್ ಬಗ್ಗೆ ಒಂದಿಷ್ಟು ಗೊತ್ತಿದ್ದರೆ ಸಾಕು.

ಹೆಜ್ಜೆ 1: ಕೊಟ್ಟ ಮಾತು ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿ

ಕರ್ನಲ್ ಒಳಗಿನ ಫಂಕ್ಷನ್‌ಗಳನ್ನು, ಡ್ರೈವರ್‌ಗಳು ಕರೆಯುವ ಇಂಟರ್ಫೇಸ್‌ಗಳನ್ನು ಎಷ್ಟು ಬೇಕಾದರೂ ಬದಲಿಸಿ. ಕರೆಯುವ ಕೋಡನ್ನೂ ಜೊತೆಗೇ ತಿದ್ದಿದರಾಯಿತು. ಹೊರಗಿನ ಪ್ರೋಗ್ರಾಂಗಳಿಗೆ ಕಾಣುವುದರ ಕಥೆ ಬೇರೆ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಪಟ್ಟು ಹಿಡಿದು ಕಾಯ್ದುಕೊಂಡು ಬಂದಿರುವ ನಿಯಮ ಇದು: ನಿನ್ನೆ ನಡೆಯುತ್ತಿದ್ದ ಪ್ರೋಗ್ರಾಂ ಕರ್ನಲ್ ಬದಲಾದ ಕಾರಣಕ್ಕೆ ಇಂದು ನಿಂತರೆ ತಪ್ಪು ಕರ್ನಲ್‌ನದು. ಆ ಪ್ರೋಗ್ರಾಂ ಬರೆದವರು ಅಡ್ಡಾದಿಡ್ಡಿ ಬರೆದಿದ್ದರೂ ಅಷ್ಟೇ.

ಯುಎಪಿಐ (ಹೊರಗಿನ ಪ್ರೋಗ್ರಾಂಗಳಿಗಾಗಿ ಇರುವ) ಫೋಲ್ಡರಿನ ಹೆಡರ್ ಫೈಲುಗಳಲ್ಲಿರುವ ಸ್ಟ್ರಕ್ಟ್, ಸಂಖ್ಯೆ, ಫ್ಲ್ಯಾಗ್‌ಗಳು ಈ ಮಾತಿನೊಳಗೆ ಬರುತ್ತವೆ ಅಂತ ಎಲ್ಲರಿಗೂ ಗೊತ್ತು. ಮರೆತುಹೋಗುವುದು ಹೆಡರ್‌ನಲ್ಲಿ ಇಲ್ಲದವು: ಯಾವ ತಪ್ಪಿಗೆ ಯಾವ ಎರರ್ ಕೋಡ್ ಬರುತ್ತದೆ, ಡೀಫಾಲ್ಟ್ ಬೆಲೆ ಏನು, ಸಿಸ್‌ಕಂಟ್ರೋಲ್‌ನ (ಕರ್ನಲ್ ಸೆಟ್ಟಿಂಗ್‌ಗಳ) ಹೆಸರುಗಳು, ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಫೈಲುಗಳ ಸಾಲು ಮತ್ತು ಕಾಲಂ.

ಹೊಂದಾಣಿಕೆಗೆ ಎರಡು ದಿಕ್ಕು. ಹಳೇ ಪ್ರೋಗ್ರಾಂ ಹೊಸ ಕರ್ನಲ್ ಮೇಲೆ ಮೊದಲಿನ ಹಾಗೇ ನಡೆಯಬೇಕು. ಹೊಸ ಪ್ರೋಗ್ರಾಂ ಹಳೇ ಕರ್ನಲ್ ಮೇಲೆ ನಡೆಯದಿದ್ದರೂ ಪರವಾಗಿಲ್ಲ, ಆದರೆ "ನನಗಿದು ಗೊತ್ತಿಲ್ಲ" ಅಂತ ಕರ್ನಲ್ ಬಾಯಿಬಿಟ್ಟು ಹೇಳಬೇಕು. ಕಂಟೇನರ್‌ಗಳು ಬಂದ ಮೇಲೆ ಇವೆರಡೂ ದಿನನಿತ್ಯದ ಮಾತು: 2016ರಲ್ಲಿ ಕಟ್ಟಿದ ಇಮೇಜೂ ಮೊನ್ನೆ ಕಟ್ಟಿದ ಇಮೇಜೂ ಒಂದೇ ಹೋಸ್ಟ್ ಕರ್ನಲ್ ಮೇಲೆ ಕೂತಿರುತ್ತವೆ.

ಹೆಜ್ಜೆ 2: ಸ್ಟ್ರಕ್ಟ್ ಬೇಕೋ, ನೆಟ್‌ಲಿಂಕ್ ಬೇಕೋ?

ಸೇರಿಸುವ ಜಾಗ ಆರಿಸಿಕೊಳ್ಳುವ ಅವಕಾಶ ನಿಮಗಿದ್ದರೆ ನೆಟ್‌ಲಿಂಕ್ (ಪ್ರೋಗ್ರಾಂ ಮತ್ತು ಕರ್ನಲ್ ಸಾಕೆಟ್ ಮೂಲಕ ಸಂದೇಶ ಕಳಿಸಿಕೊಳ್ಳುವ ವ್ಯವಸ್ಥೆ) ಆರಿಸಿಕೊಳ್ಳಿ. ಸ್ಟ್ರಕ್ಟ್‌ನಲ್ಲಿ ಮಾಹಿತಿಯ ಅರ್ಥ ಅದು ಕೂತ ಜಾಗದ ಮೇಲೆ ನಿಂತಿದೆ. ನೆಟ್‌ಲಿಂಕ್‌ನಲ್ಲಿ ಪ್ರತಿ ಮಾಹಿತಿಗೂ ತನ್ನದೇ ಚೀಟಿ (ಆಟ್ರಿಬ್ಯೂಟ್) ಇರುತ್ತದೆ: 2 ಬೈಟ್ ಉದ್ದ, 2 ಬೈಟ್ ಟೈಪ್, ಆಮೇಲೆ ಸರಕು. ಗೊತ್ತಿಲ್ಲದ ಚೀಟಿ ಸಿಕ್ಕರೆ ಉದ್ದ ನೋಡಿಕೊಂಡು ದಾಟಿ ಮುಂದೆ ಹೋಗಬಹುದು.

ಸ್ಟ್ರಕ್ಟ್ ಹಿಡಿದು ಕೂತರೆ ಏನಾಗುತ್ತದೆ ಎನ್ನುವುದಕ್ಕೆ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ನೋಡುವ, ಬದಲಿಸುವ ಈಥ್‌ಟೂಲ್ ನೋಡಿ. ಮೊದಲ ವಿನ್ಯಾಸದಲ್ಲಿ ಕಾರ್ಡಿನ ವೇಗಕ್ಕೆ ಕೊಟ್ಟದ್ದು 16 ಬಿಟ್. ಲೆಕ್ಕ ಮೆಗಾಬಿಟ್‌ನಲ್ಲಿ, ಹಾಗಾಗಿ ಗರಿಷ್ಠ 65535. ಹತ್ತು, ನೂರು ಮೆಗಾಬಿಟ್ ಕಾಲದಲ್ಲಿ ಅದು ಸಮುದ್ರದಷ್ಟು ಜಾಗ. 100 ಗಿಗಾಬಿಟ್‌ಗೆ ಬೇಕಾದದ್ದು 100000. ಆ ಹಳೇ ಫೀಲ್ಡನ್ನು ಅಗಲ ಮಾಡಿದರೆ ಅದರ ನಂತರ ಇರುವುದೆಲ್ಲ ಜರುಗುತ್ತದೆ. ಕೊನೆಗೆ ಮುಂದೆಂದಾದರೂ ಬೇಕಾದೀತು ಅಂತ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೇಲಿನ 16 ಬಿಟ್ಟನ್ನು ಬೇರೆ ಫೀಲ್ಡಾಗಿ ಕೂರಿಸಿದರು. ಒಂದೇ ಸಂಖ್ಯೆ, ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ಇಷ್ಟಾದ ಮೇಲೆ ಕಾರ್ಡ್ ಯಾವ್ಯಾವ ಲಿಂಕ್ ಮೋಡ್ ಬಲ್ಲದು ಅಂತ ಹೇಳುವ 32 ಬಿಟ್‌ಗಳೂ ತೀರಿದವು. ಅದಕ್ಕೆ ಕರ್ನಲ್‌ನ 4.6 ಆವೃತ್ತಿಯಲ್ಲಿ (2016) ಹೊಸ ಕಮಾಂಡನ್ನೇ ತಂದರು. ಅದರ ನಡಾವಳಿ ನನಗೆ ಇಷ್ಟ: ಪ್ರೋಗ್ರಾಂ ಮೊದಲು ಸೊನ್ನೆ ಉದ್ದ ಕೊಟ್ಟು ಕೇಳುತ್ತದೆ, ಕರ್ನಲ್ ತನಗೆ 32 ಬಿಟ್‌ನ ಎಷ್ಟು ತುಂಡು ಬೇಕು ಅಂತ ಋಣ ಸಂಖ್ಯೆಯಲ್ಲಿ ಹೇಳುತ್ತದೆ, ಪ್ರೋಗ್ರಾಂ ಅಷ್ಟು ಜಾಗ ಹಿಡಿದುಕೊಂಡು ಮತ್ತೆ ಬರುತ್ತದೆ. ಚೌಕಾಸಿ ಮುಗಿದ ಮೇಲೆ ವ್ಯಾಪಾರ. 5.6ರಲ್ಲಿ (2020) ಈಥ್‌ಟೂಲ್‌ಗೂ ನೆಟ್‌ಲಿಂಕ್ ಬಂತು. ಸ್ಟ್ರಕ್ಟ್ ಕೊಟ್ಟು ಕೇಳುವ ಹಳೇ ಐಒಸಿಟಿಎಲ್ ಸಿಸ್ಟಂ ಕಾಲ್ ದಾರಿಯನ್ನೂ ಮುಚ್ಚಲಿಲ್ಲ.

ಹೆಜ್ಜೆ 3: ಸ್ಟ್ರಕ್ಟೇ ಗತಿಯಾದರೆ ಬಾಲಕ್ಕೆ ಮಾತ್ರ ಸೇರಿಸಿ, ಉದ್ದ ಕೇಳಿ

ಟಿಸಿಪಿ ಇನ್ಫೋ ಮೊದಲು 104 ಬೈಟ್ ಇತ್ತು. ಈಗ ಅದರ ಎರಡು ಪಟ್ಟು ದಾಟಿದೆ, ಆದರೂ 104 ಬೈಟ್ ಕಾಲದ ಪ್ರೋಗ್ರಾಂ ಇವತ್ತಿಗೂ ನಡೆಯುತ್ತದೆ. ಗುಟ್ಟು ಏನೂ ದೊಡ್ಡದಲ್ಲ. ಪ್ರೋಗ್ರಾಂ ತನ್ನ ಬಫರ್ ಎಷ್ಟು ದೊಡ್ಡದು ಅಂತ ಹೇಳುತ್ತದೆ. ಕರ್ನಲ್ ಆ ಉದ್ದ ಮತ್ತು ತನ್ನ ಸ್ಟ್ರಕ್ಟಿನ ಉದ್ದ ಎರಡರಲ್ಲಿ ಚಿಕ್ಕದನ್ನು ಹಿಡಿದು ಅಷ್ಟೇ ಬೈಟ್ ತುಂಬಿ, ತುಂಬಿದ್ದೆಷ್ಟು ಅಂತ ಮರಳಿ ಬರೆಯುತ್ತದೆ. ಆ ಮರಳಿ ಬಂದ ಉದ್ದವನ್ನು ನೋಡದೆ ಹೊಸ ಫೀಲ್ಡ್ ಓದುವ ಪ್ರೋಗ್ರಾಂಗಳು ಬೇಕಾದಷ್ಟಿವೆ. ಹಳೇ ಕರ್ನಲ್ ಮೇಲೆ ಅವು ಓದುವುದು ತಮ್ಮದೇ ಸ್ಟ್ಯಾಕಿನ ಕಸ.

ಇದೇ ಸ್ಟ್ರಕ್ಟಿನ ಇನ್ನೊಂದು ಸೂಕ್ಷ್ಮ ಗಮನಿಸಿ. ಶುರುವಿನಲ್ಲಿ ಒಟ್ಟು ಏಳು ಬೈಟಿನ ಚಿಕ್ಕ ಫೀಲ್ಡ್‌ಗಳು, ಆಮೇಲೆ 4 ಬೈಟಿನವು. ನಡುವೆ ಕಂಪೈಲರ್ ತಾನಾಗಿ ಬಿಟ್ಟ ಒಂದು ಬೈಟ್ ತೂತು. 4.9ರಲ್ಲಿ ಡೆಲಿವರಿ ರೇಟ್ ಲೆಕ್ಕಕ್ಕೆ ಸಂಬಂಧಿಸಿದ ಒಂದು ಬಿಟ್ ಫ್ಲ್ಯಾಗನ್ನು ಆ ತೂತಿನಲ್ಲಿ ಇಟ್ಟರು. ಅದು ನಡೆಯಿತು, ಯಾಕೆಂದರೆ ಕರ್ನಲ್ ಇಡೀ ಸ್ಟ್ರಕ್ಟನ್ನು ಮೊದಲು ಸೊನ್ನೆ ಮಾಡಿ ಆಮೇಲೆ ತುಂಬುತ್ತಿತ್ತು. ಹಳೇ ಕರ್ನಲ್‌ನಿಂದ ಆ ಬೈಟ್ ಸೊನ್ನೆಯಾಗೇ ಬರುತ್ತದೆ. ಸೊನ್ನೆ ಮಾಡದೆ ಬಿಟ್ಟಿದ್ದರೆ ಕರ್ನಲ್ ಮೆಮೊರಿಯ ಚೂರು ಹೊರಗೆ ಸೋರುತ್ತಿತ್ತು, ಮೇಲಾಗಿ ಆ ತೂತು ಯಾವತ್ತೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಪ್ರೋಗ್ರಾಂನಿಂದ ಕರ್ನಲ್‌ಗೆ ಸ್ಟ್ರಕ್ಟ್ ಬರುವಾಗ ಕಷ್ಟ ಜಾಸ್ತಿ. ಟಿಸಿಪಿಯಂಥದೇ ಇನ್ನೊಂದು ಪ್ರೋಟೋಕಾಲ್ ಎಸ್‌ಸಿಟಿಪಿಯಲ್ಲಿ ಯಾವ ಘಟನೆಗಳ ಸುದ್ದಿ ಬೇಕು ಅಂತ ಹೇಳುವ ಸ್ಟ್ರಕ್ಟ್‌ನಲ್ಲಿ ಒಂದು ಘಟನೆಗೆ ಒಂದು ಬೈಟ್. ಹೊಸ ಘಟನೆ ಬಂದಾಗಲೆಲ್ಲ ಬಾಲ ಬೆಳೆಯಿತು. ಆದರೆ ಕರ್ನಲ್ ತನಗೆ ಗೊತ್ತಿದ್ದದ್ದಕ್ಕಿಂತ ಉದ್ದ ಬಂದರೆ ಇಇನ್‌ವ್ಯಾಲ್ (ಕೊಟ್ಟದ್ದು ಅಮಾನ್ಯ ಎನ್ನುವ ಎರರ್) ಅಂತ ತಳ್ಳಿಬಿಡುತ್ತಿತ್ತು. ಪರಿಣಾಮ: ಹೊಸ ಹೆಡರ್ ಇಟ್ಟುಕೊಂಡು ಸುಮ್ಮನೆ ಮರುಕಂಪೈಲ್ ಮಾಡಿದ ಪ್ರೋಗ್ರಾಂ, ಹೊಸ ಘಟನೆಯನ್ನು ಕೇಳದೇ ಇದ್ದರೂ, ಹಳೇ ಕರ್ನಲ್ ಮೇಲೆ ಬಿದ್ದುಹೋಗುತ್ತದೆ. ಎಸ್‌ಸಿಟಿಪಿ ಸಾಕೆಟ್‌ಗಳನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 6458 ಈ ಸ್ಟ್ರಕ್ಟನ್ನು ಬದಿಗಿಟ್ಟು, ಒಂದು ಸಲಕ್ಕೆ ಒಂದು ಘಟನೆಯನ್ನು ಸಂಖ್ಯೆಯಿಂದ ಹೇಳುವ ಆಪ್ಷನ್ ಕೊಟ್ಟಿದೆ. ಹಾಗೇ ಇರಬೇಕಿತ್ತು ಮೊದಲಿಂದಲೂ.

ಈಗ ಹೊಸದಾಗಿ ಬರೆಯುವವರಿಗೆ ಒಳ್ಳೆಯ ಸೂತ್ರ ಸಿದ್ಧವಿದೆ, ಕರ್ನಲ್ 5.4ರಲ್ಲಿ ಅದಕ್ಕೊಂದು ಸಹಾಯಕ ಫಂಕ್ಷನ್ ಕೂಡ ಬಂದಿದೆ. ಬಂದ ಸ್ಟ್ರಕ್ಟ್ ಚಿಕ್ಕದಾದರೆ ಉಳಿದದ್ದನ್ನು ಸೊನ್ನೆ ಅಂದುಕೊಳ್ಳಿ. ದೊಡ್ಡದಾದರೆ ಹೆಚ್ಚಿನ ಬಾಲ ಪೂರ್ತಿ ಸೊನ್ನೆಯೇ ಅಂತ ನೋಡಿ. ಸೊನ್ನೆಯಾದರೆ ಒಪ್ಪಿಕೊಳ್ಳಿ, ಏನಾದರೂ ಇದ್ದರೆ ಇ2ಬಿಗ್ (ತೀರಾ ದೊಡ್ಡದು ಎನ್ನುವ ಎರರ್) ಹೇಳಿ. ಇದು ನಡೆಯಬೇಕಾದರೆ ಪ್ರತಿ ಹೊಸ ಫೀಲ್ಡಿನಲ್ಲೂ ಸೊನ್ನೆ ಎಂದರೆ "ಹಳೇ ಥರವೇ ಇರಲಿ" ಅಂತಲೇ ಅರ್ಥ ಇರಬೇಕು.

ಅಲೈನ್‌ಮೆಂಟ್ (ಮೆಮೊರಿಯಲ್ಲಿ ಫೀಲ್ಡ್ ಎಲ್ಲಿಂದ ಶುರುವಾಗಬಹುದು ಎನ್ನುವ ನಿಯಮ) ಬಗ್ಗೆ ಒಂದೇ ಮಾತು. 32 ಬಿಟ್ ಫೀಲ್ಡಿನ ನಂತರ 64 ಬಿಟ್ ಫೀಲ್ಡ್ ಇಟ್ಟರೆ 32 ಬಿಟ್ ಎಕ್ಸ್86ನಲ್ಲಿ ಸ್ಟ್ರಕ್ಟ್ 12 ಬೈಟ್, 64 ಬಿಟ್‌ನಲ್ಲಿ 16. ತೂತನ್ನು ಕಂಪೈಲರ್‌ಗೆ ಬಿಡದೆ ನೀವೇ ಹೆಸರಿಟ್ಟು ತುಂಬಿ, 64 ಬಿಟ್‌ಗೆ ಅಲೈನ್ ಆದ ಟೈಪ್ ಬಳಸಿ, ಲಾಂಗ್ ಟೈಪನ್ನು ಹತ್ತಿರ ಸೇರಿಸಬೇಡಿ. ಕಚ್ಚಾ ಪ್ಯಾಕೆಟ್ ಹಿಡಿಯುವ ಪ್ಯಾಕೆಟ್ ಸಾಕೆಟ್‌ನ ರಿಂಗ್ ಬಫರ್ ಮೊದಲ ಆವೃತ್ತಿಯಲ್ಲಿ ಲಾಂಗ್ ಬಳಸಿ, 32 ಬಿಟ್ ಪ್ರೋಗ್ರಾಂ 64 ಬಿಟ್ ಕರ್ನಲ್ ಜೊತೆ ಮಾತಾಡಲಾಗದೆ, ಎರಡನೇ ಆವೃತ್ತಿ ತರಬೇಕಾಯಿತು. ಕೇಳದೇ ಇದ್ದವರಿಗೆ ಈಗಲೂ ಸಿಗುವುದು ಆ ಮೊದಲನೆಯದೇ.

ಹೆಜ್ಜೆ 4: ಗೊತ್ತಿಲ್ಲದ್ದನ್ನು ಮೊದಲ ದಿನವೇ ತಿರಸ್ಕರಿಸಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತೇವಲ್ಲ, ಕರ್ನಲ್‌ಗೂ ಅದು ಅನ್ವಯ. ಅರ್ಥವಾಗದ ಬಿಟ್ ಬಂದಾಗ ಸುಮ್ಮನಿದ್ದರೆ ಆ ಬಿಟ್ ಕಳಿಸುವುದು ಸರಿ ಅಂತ ಒಪ್ಪಿದ ಹಾಗೆ. ಮುಂದೆ ಆ ಬಿಟ್‌ಗೆ ಅರ್ಥ ಕೊಡಹೋದರೆ, ಇಷ್ಟು ದಿನ ಕಸ ಕಳಿಸುತ್ತಿದ್ದ ಪ್ರೋಗ್ರಾಂ ಮುರಿಯುತ್ತದೆ.

4.14ರಲ್ಲಿ (2017) ಬಂದ ಎಂಎಸ್‌ಜಿ ಜೀರೋಕಾಪಿ ಫ್ಲ್ಯಾಗ್ ಇದಕ್ಕೆ ಸರಿಯಾದ ಉದಾಹರಣೆ. ಸೆಂಡ್ ಸಿಸ್ಟಂ ಕಾಲ್‌ಗೆ ಈ ಫ್ಲ್ಯಾಗ್ ಕೊಟ್ಟರೆ ಕರ್ನಲ್ ನಿಮ್ಮ ಡೇಟಾವನ್ನು ನಕಲು ಮಾಡಿಕೊಳ್ಳುವುದಿಲ್ಲ, ನಿಮ್ಮ ಬಫರಿನಿಂದಲೇ ನೇರ ಕಳಿಸುತ್ತದೆ. ಕಳಿಸಿ ಆಯಿತು ಅಂತ ಸೂಚನೆ ಬರುವ ತನಕ ಆ ಬಫರನ್ನು ನೀವು ಮುಟ್ಟಬಾರದು. ಆದರೆ ಸೆಂಡ್ ಕಾಲ್ ಗೊತ್ತಿಲ್ಲದ ಫ್ಲ್ಯಾಗ್‌ಗಳನ್ನು ಮೊದಲಿಂದಲೂ ಕಂಡೂ ಕಾಣದಂತೆ ಬಿಡುತ್ತಾ ಬಂದಿತ್ತು. ಯಾವುದೋ ಮೂಲೆಯ ಹಳೇ ಪ್ರೋಗ್ರಾಂ ಇದೇ ಬಿಟ್ ಹಾಕಿ ಕಳಿಸುತ್ತಿದೆ ಅಂದುಕೊಳ್ಳಿ. ಸೆಂಡ್ ಮುಗಿದ ತಕ್ಷಣ ಅದು ಬಫರಿಗೆ ಮುಂದಿನ ಸಂದೇಶ ಬರೆಯುತ್ತದೆ. ತಂತಿಯ ಮೇಲೆ ಹೋಗುವುದು ಅರ್ಧ ಇದು, ಅರ್ಧ ಅದು. ಹಾಗಾಗಬಾರದು ಅಂತ ಒಂದು ಸಾಕೆಟ್ ಆಪ್ಷನ್ ಕೂಡ ತಂದರು: ಮೊದಲು ಎಸ್‌ಒ ಜೀರೋಕಾಪಿ ಆನ್ ಮಾಡಿ "ನನಗೆ ಇದರ ಅರ್ಥ ಗೊತ್ತು" ಅಂತ ಹೇಳಿದ ಸಾಕೆಟ್‌ಗೆ ಮಾತ್ರ ಆ ಫ್ಲ್ಯಾಗ್ ಕೆಲಸ ಮಾಡುತ್ತದೆ.

ನೆಟ್‌ಲಿಂಕ್‌ನಲ್ಲೂ ಇದೇ ಕಥೆ ನಡೆದಿದೆ. ರೂಟ್‌ಗಳ, ನೆರೆಯವರ, ವಿಳಾಸಗಳ ಪಟ್ಟಿ ಕೇಳುವಾಗ ಒಂದೊಂದಕ್ಕೂ ಬೇರೆ ಬೇರೆ ಹೆಡರ್ ಕಳಿಸಬೇಕು. ಐಪಿ ಕಮಾಂಡ್ ವರ್ಷಗಟ್ಟಲೆ ಎಲ್ಲದಕ್ಕೂ ಲಿಂಕ್ ಪಟ್ಟಿ ಕೇಳುವ ಹೆಡರನ್ನೇ ಕಳಿಸುತ್ತಿತ್ತು. ಕರ್ನಲ್ ಮೊದಲ ಬೈಟ್, ಅಂದರೆ ಅಡ್ರೆಸ್ ಫ್ಯಾಮಿಲಿ, ಅಷ್ಟನ್ನು ಮಾತ್ರ ನೋಡುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಲಕ್ಷಾಂತರ ರೂಟ್ ಇರುವ ಯಂತ್ರದಲ್ಲಿ ಎಲ್ಲವನ್ನೂ ಹೊರಗೆ ಸುರಿಯುವ ಬದಲು ಕರ್ನಲ್‌ನೊಳಗೇ ಸೋಸಿ ಕೊಡೋಣ ಅಂತ ಹೊರಟಾಗ ಹೆಡರಿನ ಉಳಿದ ಬೈಟ್‌ಗಳನ್ನು ನಂಬುವ ಹಾಗಿರಲಿಲ್ಲ. 4.20ರಲ್ಲಿ (2018) ಪರಿಹಾರ ಬಂತು, ಮತ್ತೆ ಸಾಕೆಟ್ ಆಪ್ಷನ್: "ನನ್ನನ್ನು ಬಿಗಿಯಾಗಿ ತಪಾಸಣೆ ಮಾಡು" ಅಂತ ಪ್ರೋಗ್ರಾಂ ತಾನೇ ಕೇಳಿಕೊಳ್ಳಬೇಕು. ಕೇಳದವರಿಗೆ ಹಳೇ ಸಡಿಲ ವ್ಯವಸ್ಥೆ.

ಹಾಗಾಗಿ ನಿಮ್ಮ ಹೊಸ ಫ್ಲ್ಯಾಗ್ ಫೀಲ್ಡಿನಲ್ಲಿ ಗೊತ್ತಿಲ್ಲದ ಬಿಟ್ ಕಂಡರೆ ತಕ್ಷಣ ಇಇನ್‌ವ್ಯಾಲ್ ಕೊಡಿ. ಮೀಸಲು ಫೀಲ್ಡ್ ಸೊನ್ನೆ ಅಲ್ಲದಿದ್ದರೂ ಅಷ್ಟೇ. ತಪಾಸಣೆ ಮಾಡದೆ ಬಿಟ್ಟ ಮೀಸಲು ಫೀಲ್ಡ್ ಬೇಲಿ ಇಲ್ಲದ ಸೈಟ್ ಇದ್ದ ಹಾಗೆ. ನಿಮಗೆ ಬೇಕಾದ ದಿನ ಅಲ್ಲಿ ಬೇರೆ ಯಾರೋ ಶೆಡ್ ಹಾಕಿರುತ್ತಾರೆ.

ಹೆಜ್ಜೆ 5: ನೆಟ್‌ಲಿಂಕ್ ಆಟ್ರಿಬ್ಯೂಟ್ ಸೇರಿಸುವ ಪದ್ಧತಿ

ಹೊಸ ಸಂಖ್ಯೆ ಯಾವಾಗಲೂ ಪಟ್ಟಿಯ ಕೊನೆಗೆ, ಗರಿಷ್ಠ ಸೂಚಿಸುವ ಸಾಲಿನ ಮೇಲೆ. ನಡುವೆ ಸೇರಿಸಿದರೆ ಕೆಳಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಜರುಗುತ್ತವೆ. ಬಳಕೆ ತಪ್ಪಿದ ಆಟ್ರಿಬ್ಯೂಟಿನ ಸಂಖ್ಯೆಯನ್ನು ಮರುಬಳಕೆ ಮಾಡಬೇಡಿ.

ಇದ್ದ ಆಟ್ರಿಬ್ಯೂಟಿನ ಅಗಲ ಬದಲಿಸಬೇಡಿ, ಪಕ್ಕದಲ್ಲಿ ಹೊಸದಿಡಿ. ಇಂಟರ್ಫೇಸ್‌ನ ಬೈಟ್ ಲೆಕ್ಕ ಮೊದಲು 32 ಬಿಟ್ ಇತ್ತು. 1 ಗಿಗಾಬಿಟ್ ಪೂರ್ತಿ ಹರಿದರೆ ಆ ಲೆಕ್ಕ ಸುಮಾರು 34 ಸೆಕೆಂಡಿಗೆ ತಿರುಗಿ ಸೊನ್ನೆಗೆ ಬರುತ್ತದೆ, 10 ಗಿಗಾಬಿಟ್‌ನಲ್ಲಿ ಮೂರೂವರೆ ಸೆಕೆಂಡಿಗೆ. ನಿಮಿಷಕ್ಕೊಮ್ಮೆ ಓದುವ ಮಾನಿಟರಿಂಗ್‌ಗೆ ಅದರಿಂದ ಏನು ತಿಳಿದೀತು? 2.6.35ರಲ್ಲಿ (2010) 64 ಬಿಟ್‌ನ ಆಟ್ರಿಬ್ಯೂಟ್ ಬೇರೆಯಾಗಿ ಬಂತು. ಕರ್ನಲ್ ಇವತ್ತಿಗೂ ಎರಡನ್ನೂ ಕಳಿಸುತ್ತದೆ.

ನೆಟ್‌ಲಿಂಕ್‌ನ ಹಳೇ ಫ್ಯಾಮಿಲಿಗಳಲ್ಲಿ (ವಿಭಾಗಗಳಲ್ಲಿ) ತಪಾಸಣೆ ಸಡಿಲ. ಅದನ್ನು ಈಗ ಬಿಗಿ ಮಾಡಹೋದರೆ ಹಳೇ ಪ್ರೋಗ್ರಾಂ ಮುರಿಯುತ್ತದೆ, ಬಿಟ್ಟರೆ ನಿಮ್ಮ ಹೊಸ ಆಟ್ರಿಬ್ಯೂಟೂ ಸಡಿಲವಾಗೇ ಉಳಿಯುತ್ತದೆ. 5.2ರಿಂದ (2019) ಇದಕ್ಕೊಂದು ಮಧ್ಯದ ದಾರಿ ಇದೆ: ಪ್ರತಿ ಆಟ್ರಿಬ್ಯೂಟಿನ ತಪಾಸಣೆಯ ನಿಯಮ ಇರುವ ಪಾಲಿಸಿ ಪಟ್ಟಿಯ ಸೊನ್ನೆಯ ಸ್ಥಾನದಲ್ಲಿ "ಈ ಸಂಖ್ಯೆಯಿಂದ ಮುಂದಿನವು ಬಿಗಿ" ಅಂತ ಬರೆದಿಡಬಹುದು. ಹಳಬರಿಗೆ ವಿನಾಯಿತಿ, ಹೊಸಬರಿಗೆ ನಿಯಮ. ತಿರಸ್ಕರಿಸುವಾಗ ಬರೀ ಇಇನ್‌ವ್ಯಾಲ್ ಎಸೆಯದೆ, 4.12ರಿಂದ ಇರುವ ವಿಸ್ತೃತ ಎಸಿಕೆ (ಕರ್ನಲ್‌ನ ಉತ್ತರ ಸಂದೇಶ) ಬಳಸಿ ಯಾವ ಆಟ್ರಿಬ್ಯೂಟು, ಏನು ತಪ್ಪು ಅಂತ ಒಂದು ಸಾಲು ಹೇಳಿ. ರಾತ್ರಿ ಹನ್ನೊಂದಕ್ಕೆ ಅದನ್ನು ಓದುವವರು ನೀವೇ ಆಗಿರಬಹುದು.

ಹೆಜ್ಜೆ 6: ಗೋಡೆ ಒಡೆಯಲಾಗದಿದ್ದರೆ ಪಕ್ಕದಲ್ಲಿ ಬಾಗಿಲು

ಇಂಟರ್ಫೇಸ್ ಹೆಸರಿಗೆ 16 ಬೈಟ್, ಕೊನೆಯ ಸೊನ್ನೆ ಬಿಟ್ಟರೆ 15 ಅಕ್ಷರ. ಆ 16 ಎಷ್ಟು ಪ್ರೋಗ್ರಾಂಗಳ ಹೊಟ್ಟೆಯೊಳಗೆ ಹೂತಿದೆಯೆಂದರೆ ಅದನ್ನು 17 ಮಾಡಲೂ ಆಗದು. 5.5ರಲ್ಲಿ ಹೆಸರನ್ನು ಮುಟ್ಟದೆ, 128 ಬೈಟ್ ತನಕದ ಪರ್ಯಾಯ ಹೆಸರುಗಳನ್ನು ನೆಟ್‌ಲಿಂಕ್ ಮೂಲಕ ಕೊಟ್ಟರು. 32 ಬಿಟ್‌ನ ಸಮಯದ ಲೆಕ್ಕ ತುಂಬಿಹೋಗುವ 2038ರ ಸಮಸ್ಯೆಗೂ ಇದೇ ಮದ್ದು: 5.1ರಲ್ಲಿ ಟೈಮ್‌ಸ್ಟ್ಯಾಂಪ್ ಆಪ್ಷನ್‌ಗೆ ಹಳೆಯದೊಂದು ಹೊಸದೊಂದು ಸಂಖ್ಯೆಯಾಯಿತು. ಹೆಸರು ಮಾತ್ರ ಒಂದೇ, ಪ್ರೋಗ್ರಾಂನ ಟೈಮ್ ಟೈಪಿನ ಅಗಲ ನೋಡಿ ಹೆಡರ್ ಫೈಲೇ ಸರಿಯಾದ ಸಂಖ್ಯೆ ಆರಿಸುತ್ತದೆ.

ಪ್ರಾಕ್ ಫೈಲ್‌ಗಳಿಗೆ ಹೊಸ ಕಾಲಂ ಸೇರಿಸುವ ಆಸೆ ಬಂದರೆ ಒಂದು ಲೋಟ ಕಾಫಿ ಕುಡಿದು ಬನ್ನಿ. ಇಂಟರ್ಫೇಸ್‌ಗಳ ಲೆಕ್ಕ ತೋರಿಸುವ ನೆಟ್ ಡೆವ್ ಫೈಲಿನಲ್ಲಿ ಒಂದು ಕಾಲಕ್ಕೆ ಹೆಸರಿನ ಕೋಲನ್‌ಗೆ ಅಂಟಿಕೊಂಡೇ ಸಂಖ್ಯೆ ಬರುತ್ತಿತ್ತು, ಲೆಕ್ಕ ಚಿಕ್ಕದಿದ್ದಾಗ ಮಾತ್ರ ನಡುವೆ ಖಾಲಿ ಜಾಗ. ಸಾಲನ್ನು ಕಾಲಂಗಳಾಗಿ ಒಡೆದು ಓದುವ ಆಕ್ ಸ್ಕ್ರಿಪ್ಟ್ ಬರೆದವರು ಖಾಲಿ ಜಾಗ ನಂಬಿದರು. ಸರ್ವರ್ ನಾಲ್ಕು ದಿನ ಓಡಿ ಲೆಕ್ಕ ದೊಡ್ಡದಾದಾಗ ಕಾಲಂ ಕಲಸಿತು.

ಹೆಜ್ಜೆ 7: ಪರೀಕ್ಷೆ

ನಿಮ್ಮ ಪ್ಯಾಚ್ ಜೊತೆ ಬಿಲ್ಡ್ ಆದ ಪ್ರೋಗ್ರಾಂ ಸರಿ ಹೋಗುವುದರಿಂದ ಏನೂ ಸಾಬೀತಾಗುವುದಿಲ್ಲ. ನನ್ನ ಎಸ್‌ಎಸ್ ಕೂಡ ಸರಿಯಾಗೇ ಇತ್ತು. ಪ್ಯಾಚ್‌ಗೆ ಮುಂಚೆಯೇ ಬಿಲ್ಡ್ ಮಾಡಿದ ಬೈನರಿ ಒಂದನ್ನು ಮುಟ್ಟದೆ ಎತ್ತಿಡಿ. ಅದನ್ನು ಹೊಸ ಕರ್ನಲ್ ಮೇಲೆ, ಹೊಸ ಬೈನರಿಯನ್ನು ಹಳೇ ಕರ್ನಲ್ ಮೇಲೆ ಓಡಿಸಿ. 32 ಬಿಟ್‌ಗೆ ಕಂಪೈಲ್ ಮಾಡಿದ ಪ್ರತಿಯನ್ನು 64 ಬಿಟ್ ಕರ್ನಲ್ ಮೇಲೂ ಒಮ್ಮೆ. ಬಫರ್ ಉದ್ದ ಸೊನ್ನೆ, ಒಂದು ಬೈಟ್ ಕಮ್ಮಿ, ಒಂದು ಬೈಟ್ ಜಾಸ್ತಿ ಕೊಟ್ಟು ನೋಡಿ. ಪಾಹೋಲ್ ಉಪಕರಣ ಸ್ಟ್ರಕ್ಟಿನ ಪ್ರತಿ ಫೀಲ್ಡಿನ ಜಾಗ, ತೂತು ಎಲ್ಲ ತೋರಿಸುತ್ತದೆ; ಪ್ಯಾಚ್‌ಗೆ ಮೊದಲು ಮತ್ತು ನಂತರದ ಔಟ್‌ಪುಟ್‌ಗೆ ಡಿಫ್ ಹಾಕಿದರೆ ಬಾಲದ ಸಾಲು ಬಿಟ್ಟು ಬೇರೇನೂ ಬದಲಾಗಿರಬಾರದು. ಕರ್ನಲ್ ಮೂಲದಲ್ಲೇ ಈಗ ಚೆಕ್ ಯುಎಪಿಐ ಎಂಬ ಸ್ಕ್ರಿಪ್ಟ್ ಕೂಡ ಇದೆ, ಬೈನರಿ ಇಂಟರ್ಫೇಸ್‌ಗಳನ್ನು ಹೋಲಿಸುವ ಎಬಿಐಡಿಫ್ ಬಳಸಿ ಹೆಡರ್‌ಗಳ ವ್ಯತ್ಯಾಸ ಹೇಳುತ್ತದೆ.

ಪ್ರೋಗ್ರಾಂ ಬರೆಯುವವರಿಗೂ ಒಂದು ಮಾತು: ಕರ್ನಲ್ ಆವೃತ್ತಿ ಸಂಖ್ಯೆ ನೋಡಿ ನಿರ್ಧಾರ ಮಾಡಬೇಡಿ. ಡಿಸ್ಟ್ರಿಬ್ಯೂಷನ್‌ನವರು ಹಳೇ ಸಂಖ್ಯೆಯ ಕರ್ನಲ್‌ಗೆ ಹೊಸ ಸೌಲಭ್ಯ ಹಿಂದಕ್ಕೆ ತಂದು ಸೇರಿಸಿರುತ್ತಾರೆ. ಆಪ್ಷನ್ ಹಾಕಿ ನೋಡಿ. ಗೊತ್ತಿಲ್ಲ ಎನ್ನುವ ಎರರ್ ಬಂದರೆ ಹಳೇ ದಾರಿ ಹಿಡಿಯಿರಿ.

ಹೆಜ್ಜೆ 8: ನಿಮ್ಮ ಸ್ವಂತ ಕರ್ನಲ್ ಪ್ರತಿಯಲ್ಲಿ ಸಂಖ್ಯೆ, ಜಾಗ ಕಾಯ್ದಿರಿಸಬೇಡಿ

ಮತ್ತೆ ನನ್ನ 4 ಬೈಟ್‌ಗೆ ಬರುತ್ತೇನೆ. ತಪ್ಪು ತಿಳಿದ ದಿನವೇ ಆ ಫೀಲ್ಡನ್ನು ನಡುವಿಂದ ಕಿತ್ತು ಬಾಲಕ್ಕೆ ಹಾಕಿದೆ. ಗ್ರಾಫ್ ಸರಿಹೋಯಿತು. ಆದರೆ ನಡುವೆ ಇದ್ದ ಆ ಎರಡು ದಿನಗಳಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಹೆಡರ್ ಇಟ್ಟುಕೊಂಡು ಒಂದು ಸಣ್ಣ ಟೂಲ್ ಬಿಲ್ಡ್ ಮಾಡಿದ್ದರು, ಈಗ ಅದು ತಪ್ಪು ಓದತೊಡಗಿತು. ಎರಡೂ ವಿನ್ಯಾಸದ ಉದ್ದ ಒಂದೇ ಆದ್ದರಿಂದ ಯಾವುದು ಯಾವುದೆಂದು ಗುರುತಿಸುವ ದಾರಿ ಕೂಡ ಇರಲಿಲ್ಲ. ಅದನ್ನು ಮರುಬಿಲ್ಡ್ ಮಾಡಿಸಿದ್ದಾಯಿತು.

ಮುಂದೆ ಕರ್ನಲ್ ಅಪ್‌ಗ್ರೇಡ್ ಮಾಡುವಾಗ ಪ್ಯಾಚ್ ಕಾನ್‌ಫ್ಲಿಕ್ಟ್ ಕೊಟ್ಟಿತು. ತೆರೆದು ನೋಡಿದರೆ, ನಾನು ನನ್ನದು ಅಂದುಕೊಂಡಿದ್ದ ಬಾಲದ ಅದೇ ಜಾಗದಲ್ಲಿ ಮುಖ್ಯ ಕರ್ನಲ್‌ನವರು ತಮ್ಮ ಹೊಸ ಫೀಲ್ಡ್ ಇಟ್ಟಿದ್ದರು. ಅವರದನ್ನು ಹಿಂದಕ್ಕೆ ತಳ್ಳಿದರೆ ಜಗತ್ತಿನ ಹೊಸ ಪ್ರೋಗ್ರಾಂಗಳೆಲ್ಲ ನಮ್ಮಲ್ಲಿ ತಪ್ಪು ಓದುತ್ತವೆ. ನನ್ನದನ್ನು ತಳ್ಳಿದರೆ ನಮ್ಮ ಏಜೆಂಟ್ ತಪ್ಪು ಓದುತ್ತದೆ. ಪ್ಯಾಚನ್ನು ಪೂರ್ತಿ ತೆಗೆದುಹಾಕಿ, ಆ ಲೆಕ್ಕವನ್ನು ಇಬಿಪಿಎಫ್ (ಕರ್ನಲ್ ತಿದ್ದದೆಯೇ ಅದರೊಳಗೆ ಓಡುವ) ಪ್ರೋಗ್ರಾಂ ಒಂದರಿಂದ ಓದಿಕೊಂಡೆವು. ಮೂವತ್ತು ಸಾಲು ಕೂಡ ಆಗಲಿಲ್ಲ.